ಎಣಿಕೆಗೆ ಸಿಗದ ಓದು

ಓದನ್ನು ಅಂಕಿಗಳಲ್ಲಿ ಅಳೆಯುವ ವಿದ್ಯೆಗೂ ನಮ್ಮ ಬೆಂಗಳೂರಿಗೂ ಹಳೆಯ ನಂಟು. ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ 1948ರಲ್ಲಿ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಅದಕ್ಕೆ 'ಲೈಬ್ರಮೆಟ್ರಿ' ಎಂಬ ಹೆಸರಿಟ್ಟರು. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ಇಲ್ಲೇ ತೀರಿಕೊಂಡರು. ಮಡದಿ ಶಾರದಾ ಹೆಸರಿನಲ್ಲಿ ಅವರಿಟ್ಟ ದತ್ತಿ ಗ್ರಂಥಾಲಯ ವಿದ್ಯೆಗೇ ಮೀಸಲು.

ಅವರ ಲೆಕ್ಕ ಗ್ರಂಥಾಲಯ ಚೆನ್ನಾಗಿ ನಡೆಯಲೆಂದು: ಎಷ್ಟು ಸಿಬ್ಬಂದಿ ಬೇಕು, ಯಾವ ಪುಸ್ತಕಕ್ಕೆ ಬೇಡಿಕೆ. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1964ರಲ್ಲಿ ಹೊರತಂದ ಸೂಚಿಯೂ, ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ಹುಡುಕಲು ನೆರವಾಗಲೆಂದೇ ಹುಟ್ಟಿದ್ದು. ಆಮೇಲೆ ಅದೇ ವಿದ್ವಾಂಸರನ್ನು ತೂಗುವ ತಕ್ಕಡಿಯಾಯಿತು. ನಮ್ಮಲ್ಲೂ 2010ರಲ್ಲಿ ಯುಜಿಸಿ ಕಾಲೇಜು ಅಧ್ಯಾಪಕರ ಬಡ್ತಿಗೆ ಅಂಕ ಕಟ್ಟಿತು.

ಬೀಸುವ ಪದ ಹುಡುಕಿಕೊಂಡು ಹಳ್ಳಿ ಹಳ್ಳಿ ಸುತ್ತಿ, ಅಜ್ಜಿಯರ ಮುಂದೆ ಕೂತು ಬರೆದುಕೊಂಡು, ಕನ್ನಡ ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಹೆಣ್ಣುಮಗಳನ್ನು ಹೊರದೇಶದ ಯಾವ ಸೂಚಿ ಎಣಿಸೀತು? ಅವಳ ಬರಹ ಕಳಪೆಯೆಂದಲ್ಲ, ತಕ್ಕಡಿ ಅವಳೂರಿನದಲ್ಲ, ಅಷ್ಟೆ. 2015ರ ಲೈಡನ್ ಪ್ರಣಾಳಿಕೆ ಇದನ್ನೇ ಎತ್ತಿತು: ಅಂಕಿ ಬಲ್ಲವರ ವಿವೇಚನೆಗೆ ಒತ್ತಾಸೆಯಾಗಿರಲಿ, ಅದರ ಜಾಗಕ್ಕೆ ಬರದಿರಲಿ, ನೆಲದ ಸಂಶೋಧನೆಯನ್ನು ಕಾಪಾಡಿ ಎಂದಿತು.

ಗ್ರಂಥಾಲಯದ ರಿಜಿಸ್ಟರಿನದೂ ಇದೇ ಪಾಡು. ನಮ್ಮ ಮಹದೇವಪುರದಲ್ಲಿ ಒಬ್ಬರ ಹೆಸರಲ್ಲಿ ತಂದ ಕಾದಂಬರಿ ಮೂರು ಅಡುಗೆಮನೆ ಸುತ್ತಿ, ಒಗ್ಗರಣೆಯ ಕಲೆ ಹೊತ್ತು ಹಿಂತಿರುಗುತ್ತದೆ. ಅಲ್ಲೇ ಮೇಜಿನಲ್ಲಿ ಓದಿ ಬಿಟ್ಟುಹೋದ ಪುಸ್ತಕದ್ದು ರಿಜಿಸ್ಟರಿಗೆ ಏರುವುದೇ ಇಲ್ಲ. ಯಾರೂ ಒಯ್ದಿಲ್ಲವೆಂದು ಹಳೆಯದನ್ನು ರದ್ದಿಗೆ ಹಾಕುವ ಮುನ್ನ, ಸಂಜೆ ಮೇಜಿನ ಮೇಲೆ ಉಳಿದವುಗಳನ್ನು ಒಂದಷ್ಟು ದಿನ ಬರೆದಿಟ್ಟುಕೊಂಡರೆ ಸಾಕು.