ವಾಚ್‌ನೈಟ್ ಮತ್ತು ಒಡಂಬಡಿಕೆ ಆರಾಧನೆ

ಕನ್ನಡ ಕ್ರೈಸ್ತ ಸಭೆಗಳಲ್ಲಿ ವರ್ಷ ತಿರುಗುವ ಹೊತ್ತಿಗೆ ನಡೆಯುವ ಎರಡು ಆರಾಧನೆಗಳು. ಡಿಸೆಂಬರ್ 31ರ ರಾತ್ರಿ ಸಭೆ ಸೇರಿ ಕಳೆದ ವರ್ಷವನ್ನು ದೇವರ ಮುಂದೆ ಒಪ್ಪಿಸುವುದು ವಾಚ್‌ನೈಟ್. ಹೊಸ ವರ್ಷದ ಆರಂಭದಲ್ಲಿ, ಸಾಮಾನ್ಯವಾಗಿ ಮೊದಲ ಭಾನುವಾರ, ಇನ್ನು ಹೇಗೆ ಬಾಳುತ್ತೇವೆಂದು ಸಭೆಯೆಲ್ಲ ಒಟ್ಟಾಗಿ ಮಾತು ಕೊಡುವುದು ಒಡಂಬಡಿಕೆ ಆರಾಧನೆ. ಹೊಸ ವರ್ಷದ ತೀರ್ಮಾನವೆಂದರೆ ಒಬ್ಬೊಬ್ಬರು ತಮ್ಮಷ್ಟಕ್ಕೆ ಬರೆದಿಟ್ಟುಕೊಳ್ಳುವ ಪಟ್ಟಿ ಎಂಬ ಈಗಿನ ರೂಢಿಗೂ ಇದಕ್ಕೂ ಅಂತರವಿದೆ. ಇಲ್ಲಿ ಮಾತು ಕೊಡುವವರು ಒಬ್ಬರಲ್ಲ, ಇಡೀ ಸಭೆ.

ಮೂಲ

ವರ್ಷದ ಕೊನೆಯ ರಾತ್ರಿ ಎಚ್ಚರವಿದ್ದು ಪ್ರಾರ್ಥಿಸುವ ಪದ್ಧತಿಯನ್ನು 1733ರಲ್ಲಿ ಜರ್ಮನಿಯ ಹರ್ನ್‌ಹುಟ್‌ನ ಮೊರೇವಿಯನ್ನರು ಆರಂಭಿಸಿದರೆಂದು ಹೇಳುವುದುಂಟು. ಇಂಗ್ಲೆಂಡಿನಲ್ಲಿ ಅದರ ಬೇರು ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್‌ನ ಕಲ್ಲಿದ್ದಲ ಗಣಿ ಕಾರ್ಮಿಕರಲ್ಲಿದೆ. ಶನಿವಾರದ ರಾತ್ರಿಗಳನ್ನು ಹೆಂಡದಂಗಡಿಯಲ್ಲಿ ಕಳೆದವರು, ಮನಸ್ಸು ತಿರುಗಿದ ಮೇಲೆ ಅದೇ ಹೊತ್ತನ್ನು ಪ್ರಾರ್ಥನೆಗೆ ಕೊಟ್ಟರು. ಮೆಥಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ ಇದನ್ನು ತಡೆಯಲಿಲ್ಲ, ತನ್ನ ಸಭೆಗಳಿಗೂ ತಂದ. ಮೊದಮೊದಲು ಇದಕ್ಕೂ ವರ್ಷಾಂತ್ಯಕ್ಕೂ ನಂಟಿರಲಿಲ್ಲ. ಹುಣ್ಣಿಮೆಯ ಆಸುಪಾಸಿನ ಶುಕ್ರವಾರವೇ ಗೊತ್ತು: ನಡುರಾತ್ರಿ ಊರಿಗೆ ನಡೆದು ಹೋಗುವವರಿಗೆ ದಾರಿಯಲ್ಲಿ ಬೆಳದಿಂಗಳು ಇರಬೇಕಿತ್ತು.

ಒಡಂಬಡಿಕೆ ಆರಾಧನೆಯ ಕಥೆಯೂ ಹೀಗೆಯೇ. ವೆಸ್ಲಿ ಅದನ್ನು ಮೊದಲು ನಡೆಸಿದ್ದು 1755ರ ಆಗಸ್ಟ್ 11ರಂದು, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ಚರ್ಚಿನಲ್ಲಿ. ಸೇರಿದವರು ಸುಮಾರು 1800 ಜನ. ಓದಿದ ಮಾತುಗಳು ವೆಸ್ಲಿಯವಲ್ಲ, 17ನೆಯ ಶತಮಾನದ ಪ್ಯೂರಿಟನ್ ಬರಹಗಾರ ರಿಚರ್ಡ್ ಅಲೈನನ ಪುಸ್ತಕದವು. ಜನವರಿ 1 ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ವರ್ಷಾರಂಭವಾದದ್ದೇ 1752ರಲ್ಲಿ. ಅದಕ್ಕೆ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ. ಆರಾಧನೆ ವರ್ಷದ ಮೊದಲ ಭಾನುವಾರಕ್ಕೆ ಬಂದು ನೆಲೆಸಿದ್ದು ಕ್ರಮೇಣ. ಹೊಸ ವರ್ಷದಿಂದ ತೀರ್ಮಾನ ಹುಟ್ಟಲಿಲ್ಲ. ಮೊದಲೇ ಇದ್ದ ತೀರ್ಮಾನಕ್ಕೆ ಹೊಸ ವರ್ಷ ಒಂದು ದಿನ ಒದಗಿಸಿತು.

ಕನ್ನಡ ನೆಲದಲ್ಲಿ

ಹಳೆಯ ಮೈಸೂರಿನಲ್ಲಿ ಇವೆರಡರ ಹಿನ್ನೆಲೆ ವೆಸ್ಲಿಯನ್ ಮಿಶನ್. ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ಕನ್ನಡ ಸೇವೆ ಆರಂಭಿಸಿದರು. 1947ರ ಸೆಪ್ಟೆಂಬರ್ 27ರಂದು ಮೆಥಡಿಸ್ಟ್, ಆಂಗ್ಲಿಕನ್ ಮೊದಲಾದ ಸಭೆಗಳು ಸೇರಿ ದಕ್ಷಿಣ ಇಂಡಿಯಾ ಸಭೆಯಾದಾಗ ಮೆಥಡಿಸ್ಟರ ಒಡಂಬಡಿಕೆ ಆರಾಧನೆ ಹಳೆಯ ಹೆಸರಿನೊಂದಿಗೆ ಕಳೆದುಹೋಗಲಿಲ್ಲ. 1963ರ ಸಾಮಾನ್ಯ ಆರಾಧನಾ ಪುಸ್ತಕದಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು, ಹಿಂದೆ ಆಂಗ್ಲಿಕನ್ನರಾಗಿದ್ದವರ ಪಾಲಿಗೂ ಬಂತು. ಐಕ್ಯ ಸಭೆಯ ಇತಿಹಾಸದಲ್ಲಿ ಇದು ಸಣ್ಣ ಸಂಗತಿಯಲ್ಲ.

ಉತ್ತರದ ಹಾದಿ ಬೇರೆ. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡಕ್ಕೆ ಬಂತು. ಗುಳೇದಗುಡ್ಡ 1997ರವರೆಗೂ ವಿಜಯಪುರ ಜಿಲ್ಲೆಗೆ ಸೇರಿತ್ತು. ಸಿಂದಗಿ, ಇಂಡಿ, ಮುದ್ದೇಬಿಹಾಳ ಸೀಮೆಗೆ ಈ ನಾಲ್ಕು ಬಾಸೆಲ್ ಠಾಣೆಗಳಲ್ಲಿ ಹತ್ತಿರದ್ದು ಅದೇ. ಈ ಮಿಶನರಿಗಳಲ್ಲಿ ಬಹಳ ಮಂದಿ ಜರ್ಮನಿಯ ವ್ಯುರ್ಟೆಂಬರ್ಗಿನ ಭಕ್ತಿಪಂಥದವರು. ಆ ಪಂಥದಲ್ಲಿ ಮಾತು ಕೊಡುವುದಕ್ಕಿಂತ ಮಾತು ಪಡೆಯುವುದಕ್ಕೆ ಒತ್ತು. ಇದೇ ಧಾಟಿಯಲ್ಲಿ ಹರ್ನ್‌ಹುಟ್‌ನ ಮೊರೇವಿಯನ್ನರು ಚೀಟಿ ಎತ್ತಿ ದಿನಕ್ಕೊಂದು ವಚನ ಆರಿಸುತ್ತಿದ್ದರು. 1731ರಿಂದ ಅದು ವರ್ಷವರ್ಷವೂ ಪುಸ್ತಕವಾಗಿ ಅಚ್ಚಾಗುತ್ತಿದೆ. ವರ್ಷಕ್ಕೊಂದು ವಚನ ಹೊತ್ತ ಈಗಿನ ವಾಗ್ದಾನ ಕಾರ್ಡು ಅದೇ ಮನೋಭಾವದ ದೂರದ ನೆಂಟನೆಂದು ಹೇಳಬಹುದು, ಅದನ್ನು ಹೆಚ್ಚು ಹರಡಿದವು ಪೆಂತೆಕೋಸ್ತ್ ಸಭೆಗಳಾದರೂ.

ಒಂದು ಪದ

‘ಒಡಂಬಡಿಕೆ’ ಬೈಬಲಿಗಾಗಿ ಹುಟ್ಟಿಸಿದ ಪದವಲ್ಲ. ಒಡಂಬಡು ಎಂದರೆ ಒಪ್ಪು, ಸಮ್ಮತಿಸು. ಹಳಗನ್ನಡದಿಂದ ಬಂದ ಕ್ರಿಯಾಪದ. ಬಳ್ಳಾರಿಯ ಮಿಶನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರಲ್ಲಿ ಇಡೀ ಬೈಬಲು ಕನ್ನಡದಲ್ಲಿ ಪೂರ್ಣಗೊಂಡಿತು. ಮುಂದೆ ಸತ್ಯವೇದದ ಎರಡು ಭಾಗಗಳಿಗೆ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂಬ ಹೆಸರುಗಳೇ ನಿಂತವು. ಇಂಗ್ಲಿಷಿನಲ್ಲಿ ಗ್ರಂಥದ ಹೆಸರು ಒಂದು, ಜನವರಿಯ ಆರಾಧನೆಯ ಹೆಸರು ಇನ್ನೊಂದು. ಕನ್ನಡದಲ್ಲಿ ಎರಡೂ ಒಂದೇ. ಆ ಭಾನುವಾರ ಎದ್ದು ನಿಂತು ಮಾತು ಕೊಡುವವರ ಕೈಯಲ್ಲಿರುವ ಪುಸ್ತಕದಲ್ಲೂ ಅದೇ ಪದ. ಈ ಕೂಡಿಕೆಯನ್ನು ಸಭಾಪಾಲಕರು ಪ್ರಸಂಗದಲ್ಲಿ ಇನ್ನಷ್ಟು ಬಳಸಬೇಕೆಂದು ಈ ಲೇಖಕನಿಗೆ ಅನಿಸುತ್ತದೆ.

ಆರಾಧನೆಯ ಕ್ರಮ

ವಾಚ್‌ನೈಟ್ ಬಹುಮಟ್ಟಿಗೆ ಹತ್ತು ಹನ್ನೊಂದರ ಸುಮಾರಿಗೆ ಶುರು. ಮೊದಲು ಹಾಡು, ಆಮೇಲೆ ಸಾಕ್ಷಿ. ಕಾಯಿಲೆ ವಾಸಿಯಾದದ್ದು, ಸಾಲ ತೀರಿದ್ದು, ಮನೆಯಲ್ಲಾದ ಸಾವು, ಎಲ್ಲವೂ ಬರುತ್ತದೆ. ‘ಇಲ್ಲಿಯ ತನಕ ಕರ್ತನು ನಡೆಸಿದ’ ಎಂದು ಮಾತು ಮುಗಿಸುವುದು ರೂಢಿ. ಅದರ ಹಿಂದೆ ಸಮುವೇಲನು ನಿಲ್ಲಿಸಿದ ಎಬೆನೆಜೆರ್ ಕಲ್ಲಿನ ನೆನಪಿದೆ. ಪಾಠಕ್ಕೆ 90ನೆಯ ಕೀರ್ತನೆ, ಇಲ್ಲವೇ ಲೂಕನ 13ನೆಯ ಅಧ್ಯಾಯದ ಅಂಜೂರದ ಗಿಡದ ಸಾಮ್ಯ. ಮೂರು ವರ್ಷ ಹಣ್ಣು ಬಿಡದ ಗಿಡಕ್ಕಾಗಿ ತೋಟಗಾರ ಇನ್ನೊಂದು ವರ್ಷ ಕೇಳಿಕೊಳ್ಳುತ್ತಾನೆ. ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಹೊಲದಲ್ಲಿ ಬೆವರು ಸುರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹನ್ನೆರಡಕ್ಕೆ ಕೆಲವು ನಿಮಿಷ ಇರುವಾಗ ಎಲ್ಲರೂ ಮೊಣಕಾಲೂರುತ್ತಾರೆ. ಪ್ರಾರ್ಥನೆ ಮೌನಕ್ಕೆ ಇಳಿಯುತ್ತದೆ. ಹಾಸಿದ ಜಮಖಾನೆಯ ಮೇಲೆ ಮಕ್ಕಳು ತಾಯಂದಿರ ಸೆರಗಿನಡಿ ನಿದ್ದೆ ಹೋಗಿರುತ್ತಾರೆ. ಗಂಟೆ ಬಾರಿಸಿದ ಮೇಲೆ ಕೈಕುಲುಕಾಟ, ಚಹಾ, ಕೇಕು. ಕೆಲವೆಡೆ ತಟ್ಟೆಯಲ್ಲಿ ಮಗುಚಿಟ್ಟ ವಾಗ್ದಾನ ಕಾರ್ಡುಗಳಿಂದ ಮನೆಗೊಬ್ಬರು ಒಂದನ್ನು ಎತ್ತಿಕೊಳ್ಳುತ್ತಾರೆ. ಅದು ಸತ್ಯವೇದದ ಹಾಳೆಗಳ ನಡುವೆಯೋ ಗೋಡೆಯ ಮೇಲೋ ವರ್ಷವಿಡೀ ಇರುತ್ತದೆ.

ಒಡಂಬಡಿಕೆ ಆರಾಧನೆಯಲ್ಲಿ ಅರಿಕೆ, ಕ್ಷಮೆ, ಆಮೇಲೆ ಪ್ರತಿಜ್ಞೆ, ಕೊನೆಗೆ ಕರ್ತನ ಭೋಜನ. ಪ್ರತಿಜ್ಞೆಯ ಸಾರ ಗಮನಿಸಬೇಕಾದದ್ದು: ಇಷ್ಟು ಸಾಧಿಸುತ್ತೇನೆ ಎಂದು ಅದರಲ್ಲೆಲ್ಲೂ ಇಲ್ಲ. ಕೆಲಸ ಕೊಟ್ಟರೂ ಕೊಡದಿದ್ದರೂ, ತುಂಬಿದರೂ ಬರಿದಾದರೂ ನಾನು ನಿನ್ನವನೇ ಎಂದು ಒಪ್ಪಿಕೊಳ್ಳುವುದಷ್ಟೇ ಇದೆ.

ಕಥೋಲಿಕರಲ್ಲಿ

ಜನವರಿ 1 ದೇವಮಾತೆ ಮರಿಯಳ ಮಹೋತ್ಸವ. 1968ರಿಂದ ವಿಶ್ವ ಶಾಂತಿ ದಿನವೂ ಹೌದು. ಹಿಂದಿನ ಸಂಜೆ ಕೃತಜ್ಞತಾ ಬಲಿಪೂಜೆ. ವಿಜಯಪುರ ಜಿಲ್ಲೆ 2005ರಲ್ಲಿ ರಚನೆಯಾದ ಕಲಬುರಗಿ ಧರ್ಮಕ್ಷೇತ್ರದಲ್ಲಿದೆ. ಆತ್ಮಪರಿಶೋಧನೆ ಕಥೋಲಿಕರಿಗೆ ವರ್ಷಕ್ಕೊಮ್ಮೆಯ ಕೆಲಸವಲ್ಲ. ಲೊಯೋಲದ ಇಗ್ನೇಷಿಯಸ್ ಕಲಿಸಿದಂತೆ ದಿನದಿನದ್ದು.

ಊರಿನ ವರ್ಷ, ಸಭೆಯ ವರ್ಷ

ಯಂಕಂಚಿಯಂಥ ಊರುಗಳಿರುವ ವಿಜಯಪುರದ ಈ ಬಯಲುಸೀಮೆಯಲ್ಲಿ ಜನವರಿ 1 ಹೊಲದ ಪಂಚಾಂಗಕ್ಕೆ ಹೊಸ ವರ್ಷವೇ ಅಲ್ಲ. ಹಿಂಗಾರಿ ಬಿಳಿಜೋಳ ಇನ್ನೂ ನಿಂತಿರುತ್ತದೆ, ಎಳ್ಳಮವಾಸ್ಯೆಯ ಚರಗ ಆ ದಿನದ ಆಚೀಚೆ ಬರುತ್ತದೆ, ಸಂಕ್ರಾಂತಿ ಮುಂದಿರುತ್ತದೆ. ಆಳಿನ ಕರಾರು, ಹೊಲದ ಪಾಲು, ಕೊಟ್ಟು ತೆಗೆದುಕೊಂಡದ್ದರ ಲೆಕ್ಕ ಇವೆಲ್ಲ ತೀರುವುದು ಯುಗಾದಿಗೆ, ಕ್ರೈಸ್ತ ಮನೆಗಳಲ್ಲೂ. ಹಾಗಾಗಿ ಡಿಸೆಂಬರ್ 31ರ ರಾತ್ರಿ ಇಲ್ಲಿ ಹಣದ ಲೆಕ್ಕ ಹೆಚ್ಚು ಬೆರೆಯುವುದಿಲ್ಲ. ಆ ರಾತ್ರಿಗೆ ಉಳಿಯುವುದು ಮುರಿದ ಮಾತು, ಮಾತುಬಿಟ್ಟ ಅಣ್ಣತಮ್ಮಂದಿರು, ನಿಂತುಹೋದ ಮನೆಪ್ರಾರ್ಥನೆ. ದುಡಿಯಲು ಗೋವಾ, ಪುಣೆಗೆ ಹೋದವರ ಹೆಸರನ್ನು ಮನೆಯವರು ಚೀಟಿಯಲ್ಲಿ ಬರೆದು ಸಭಾಪಾಲಕರ ಕೈಗೆ ಕೊಟ್ಟರೆ, ಗಂಟೆ ಬಾರಿಸುವ ಮೊದಲು ಅದನ್ನೂ ಓದುತ್ತಾರೆ.