ಧ್ವನಿರಂಧ್ರ (ಗಿಟಾರ್)

ಧ್ವನಿರಂಧ್ರವು ಅಕೌಸ್ಟಿಕ್ ಗಿಟಾರ್, ವೀಣೆ, ಪಿಟೀಲು ಮೊದಲಾದ ತಂತಿವಾದ್ಯಗಳ ಮೇಲುಹಲಗೆಯಲ್ಲಿ ಕೊರೆಯಲಾಗುವ ತೆರಪು. ವಾದ್ಯದ ನಾದವೆಲ್ಲ ಈ ರಂಧ್ರದಿಂದಲೇ ಹೊರಬರುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ವಾಸ್ತವವಾಗಿ ಗಿಟಾರಿನಲ್ಲಿ ನಾದದ ಬಹುಪಾಲು ಕಂಪಿಸುವ ಮೇಲುಹಲಗೆಯಿಂದ ಹೊರಡುತ್ತದೆ. ರಂಧ್ರವು ಮುಖ್ಯವಾಗಿ ಮಂದ್ರ ಸ್ವರಗಳಿಗೆ ಬಲ ನೀಡುತ್ತದೆ.

ಕಾರ್ಯವಿಧಾನ

ಖಾಲಿ ಸೀಸೆಯ ಬಾಯಿಗೆ ಅಡ್ಡವಾಗಿ ಊದಿದಾಗ ಒಂದು ನಿಶ್ಚಿತ ಸ್ವರ ಕೇಳಿಸುತ್ತದೆ. ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ (1821–1894) ವಿವರಿಸಿದ ಈ ಅನುನಾದವೇ ಗಿಟಾರಿನ ಒಡಲಿನಲ್ಲಿಯೂ ನಡೆಯುತ್ತದೆ. ರಂಧ್ರದಲ್ಲಿರುವ ಗಾಳಿ ಒಳಹೊರಗೆ ಚಲಿಸುತ್ತದೆ. ಒಡಲೊಳಗಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಸುಮಾರು 10 ಸೆಂ.ಮೀ. ವ್ಯಾಸದ ದುಂಡು ರಂಧ್ರವುಳ್ಳ ಗಿಟಾರಿನಲ್ಲಿ ಈ ಅನುನಾದವು ಸುಮಾರು 100 ಹರ್ಟ್ಸ್ ಆವೃತ್ತಿಯಲ್ಲಿರುತ್ತದೆ. ಇದಕ್ಕಿಂತ ಕೆಳಗೆ ರಂಧ್ರದ ಮತ್ತು ಹಲಗೆಯ ಕಂಪನಗಳು ಒಂದನ್ನೊಂದು ಕಳೆಯುವುದರಿಂದ ನಾದ ಬೇಗನೆ ಕ್ಷೀಣಿಸುತ್ತದೆ. ರಟ್ಟಿನಿಂದ ರಂಧ್ರವನ್ನು ಮುಚ್ಚಿ ದಪ್ಪ ತಂತಿಗಳನ್ನು ಮೀಟಿದರೆ ಈ ವ್ಯತ್ಯಾಸವನ್ನು ಕೇಳಬಹುದು.

ಗಾತ್ರ, ಆಕಾರ ಮತ್ತು ಸ್ಥಾನ

ರಂಧ್ರ ಕಿರಿದಾದಷ್ಟೂ ಅನುನಾದದ ಆವೃತ್ತಿ ಇಳಿಯುತ್ತದೆ, ಹಿರಿದಾದಷ್ಟೂ ಏರುತ್ತದೆ. ಒಡಲು ದೊಡ್ಡದಾದರೆ ಆವೃತ್ತಿ ಇಳಿಯುತ್ತದೆ. ಕೊರೆದ ರಂಧ್ರವನ್ನು ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ. ಆದುದರಿಂದ ಅಳತೆಯಲ್ಲಿ ಎಚ್ಚರ ಅಗತ್ಯ. ರಂಧ್ರದ ಸ್ಥಾನವೂ ಮುಖ್ಯ: ಅದು ಹಲಗೆಯ ಕಂಪಿಸುವ ಭಾಗವನ್ನೂ ಒಳಗಿನ ಪಟ್ಟಿಗಳ ಜೋಡಣೆಯನ್ನೂ ನಿರ್ಧರಿಸುತ್ತದೆ.

1922ರಲ್ಲಿ ಬಂದ ಗಿಬ್ಸನ್ ಎಲ್-5 ಗಿಟಾರಿನಲ್ಲಿ ಪಿಟೀಲಿನಂತೆ ‘ಎಫ್’ ಆಕಾರದ ಜೋಡಿ ರಂಧ್ರಗಳಿದ್ದವು. 1932ರ ಸೆಲ್ಮರ್–ಮಕಾಫೆರಿ ಗಿಟಾರಿನಲ್ಲಿ ‘ಡಿ’ ಆಕಾರದ ದೊಡ್ಡ ರಂಧ್ರವಿತ್ತು. ಮುಂದೆ ಅದೇ ಸಂಸ್ಥೆ ಸಣ್ಣ ಅಂಡಾಕಾರದ ರಂಧ್ರವನ್ನು ಬಳಸಿತು. ಪಿಟೀಲಿನ ರಂಧ್ರಗಳ ಕುರಿತು 2015ರಲ್ಲಿ ಪ್ರಕಟವಾದ, ಅಮೆರಿಕದ ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಅಧ್ಯಯನವು ಗಾಳಿಯ ಹರಿವು ರಂಧ್ರದ ಅಂಚಿನಲ್ಲಿ ಹೆಚ್ಚೆಂದೂ, ಅಂಚು ಉದ್ದವಾದಷ್ಟು ನಾದದ ಬಲ ಹೆಚ್ಚೆಂದೂ ತೋರಿಸಿತು.

ವೀಣೆಯಲ್ಲಿ

ಸರಸ್ವತಿ ವೀಣೆಯ ಕೊಡವನ್ನು ಸಾಮಾನ್ಯವಾಗಿ ಹಲಸಿನ ಮರದಿಂದ ಕೆತ್ತುತ್ತಾರೆ. ಅದರ ಹಲಗೆಯಲ್ಲಿ ಒಂದೇ ದೊಡ್ಡ ರಂಧ್ರದ ಬದಲು ಹೂವಿನಂತೆ ಜೋಡಿಸಿದ ಕಿರುರಂಧ್ರಗಳ ಎರಡು ಗುಂಪುಗಳಿರುತ್ತವೆ. ಆದರೆ ವೀಣೆಯ ನಾದದ ವೈಶಿಷ್ಟ್ಯಕ್ಕೆ ರಂಧ್ರಗಳಿಗಿಂತ ಬಾಗಿದ ಮೈಯುಳ್ಳ ಕುದುರೆಯೇ ಹೆಚ್ಚು ಕಾರಣ, ಸರ್ ಸಿ. ವಿ. ರಾಮನ್ 1921ರಲ್ಲಿ ಇದನ್ನು ವಿವೇಚಿಸಿದರು.

ಬೀಟೆ ಮರ

ಗಿಟಾರಿನ ಹಿಂಬದಿ ಮತ್ತು ಪಕ್ಕದ ಹಲಗೆಗಳಿಗೆ ಜಗತ್ತಿನಾದ್ಯಂತ ಬಳಸುವ ಬೀಟೆಯು ಕೊಡಗು ಸೇರಿದಂತೆ ಪಶ್ಚಿಮ ಘಟ್ಟ ಪ್ರದೇಶದ ಮರ. ಬ್ರೆಜಿಲ್ ದೇಶದ ರೋಸ್‌ವುಡ್ ದುರ್ಲಭವಾದಾಗ ಅಮೆರಿಕದ ಮಾರ್ಟಿನ್ ಸಂಸ್ಥೆ 1969ರಲ್ಲಿ ಭಾರತದ ಬೀಟೆಯತ್ತ ತಿರುಗಿತು. ನಿಧಾನವಾಗಿ ಬೆಳೆಯುವ ಈ ಮರವನ್ನು ಅಳಿವಿನ ಭೀತಿಯುಳ್ಳ ಜಾತಿಗಳ ಸಾಲಿನಲ್ಲಿ ಗುರುತಿಸಲಾಗಿದೆ. 2017ರಿಂದ ‘ಸೈಟಿಸ್’ ಒಪ್ಪಂದದ ಎರಡನೆಯ ಅನುಬಂಧದಡಿ ಇದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ. ಸಿದ್ಧ ಸಂಗೀತವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು.