ಡಚ್ಚರ ನಕ್ಷೆಯಲ್ಲಿ ನಮ್ಮ ಸೀಮೆ

ಆಮ್‌ಸ್ಟರ್‌ಡ್ಯಾಮಿನ ವಿಲ್ಲೆಮ್ ಬ್ಲಾವ್ 1635ರಲ್ಲಿ ಅಚ್ಚು ಹಾಕಿದ ಇಂಡಿಯಾ ನಕ್ಷೆಯನ್ನು ಎಷ್ಟು ಹಿಗ್ಗಿಸಿ ನೋಡಿದರೂ ನಮ್ಮ ಸುಲೇಪೇಟ ಸಿಗೋದಿಲ್ಲ. ಸಿಗಬೇಕಾಗಿಯೂ ಇಲ್ಲ ಬಿಡಿ, ಜಪಾನಿನವರೆಗೂ ಹರಡಿದ ನಕ್ಷೆ ಅದು. ಕರಾವಳಿಯುದ್ದಕ್ಕೂ ಹೆಸರುಗಳು ಮುತ್ತಿವೆ, ಒಳನಾಡು ಮಾತ್ರ ಬಹುತೇಕ ಬಯಲು. ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ಪಕ್ಕದ ಸೇಡಂ ತಾಲೂಕಿನಲ್ಲೇ, ಕಾಗಿಣಾ ದಡದಲ್ಲಿದೆ. ಆದರೆ ಹಡಗಿನವರಿಗೆ ಅದರಿಂದ ಏನಾಗಬೇಕು? ಅವರ ಕಣ್ಣೆಲ್ಲ ಬಂದರಿನ ಮೇಲೆ.

ನನ್ನನ್ನು ಕಾಡಿದ್ದು ಬೇರೆ. ದಕ್ಷಿಣದಲ್ಲಿ 'ನರಸಿಂಗ' ಅಂತೊಂದು ರಾಜ್ಯವಿದೆ. ಅದು ನಮ್ಮ ವಿಜಯನಗರ! ಸಾಳುವ ನರಸಿಂಹ ತೀರಿಕೊಂಡದ್ದು 1491ರಲ್ಲಿ. ಪೋರ್ಚುಗೀಸರು ಅವನ ಹೆಸರಲ್ಲೇ ರಾಜ್ಯವನ್ನು ಕರೆದರು, ಡಚ್ಚರು ಹಾಗೇ ಎತ್ತಿಕೊಂಡರು. 1565ರಲ್ಲಿ ಹಂಪೆ ಹಾಳಾಗಿ 70 ವರ್ಷ ಕಳೆದರೂ ಆ ಹೆಸರು ಕದಲಿಲ್ಲ.

ತಾಮ್ರದ ತಗಡಿನ ಮೇಲೆ ನಕ್ಷೆ ಕೆತ್ತಿಸೋದು ದುಬಾರಿ ಕೆಲಸ, ಹಾಗಾಗಿ ತಗಡುಗಳೇ ಕೈ ಬದಲಾಯಿಸುತ್ತಿದ್ದವು. 1604ರಲ್ಲಿ ಹೊಂಡಿಯಸ್ ಮರ್ಕೇಟರನ ತಗಡುಗಳನ್ನು ಕೊಂಡ. ಅವನ ಮಗ ತೀರಿಕೊಂಡ ಮೇಲೆ, 1629ರಲ್ಲಿ, ಸುಮಾರು 40 ತಗಡು ಬ್ಲಾವ್ ಪಾಲಾದವು. ಈತ ಹೊಂಡಿಯಸ್ ಹೆಸರು ಅಳಿಸಿ ತನ್ನದನ್ನು ಕೆತ್ತಿಸಿಕೊಂಡ. (ನಮ್ಮ ಆಫೀಸಿನ ಹಳೇ ಕೋಡಿನ ಕಥೆಯೂ ಇದೇ :))

ಇದೇ ಬ್ಲಾವ್ 1633ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ನಕ್ಷೆಗಾರನಾಗಿದ್ದ. ಹಡಗಿಗೆ ಕೊಡುವ ನಕ್ಷೆ ಕೈಯಲ್ಲಿ ಬರೆದದ್ದು, ಗುಟ್ಟಿನದು. ಅಚ್ಚಾದದ್ದು ಸಾಹುಕಾರರ ಮನೆಗೆ. ಅಲ್ಲಿ 'ನರಸಿಂಗ' ಇದ್ದರೂ ಯಾರ ಹಡಗೂ ಮುಳುಗುತ್ತಿರಲಿಲ್ಲ.